ಮೂರು ಪರದೆಗಳ ಅಡುಗೆಮನೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಕೈ ತೊಳೆಯಲು ಹೋಗುತ್ತಿದ್ದ ಮನುಷ್ಯ ನಾನು. ಹೋಟೆಲಿನವರು ನಾಲ್ಕು ಜನ ಒಂದು ಕಡೆ ಸೇರಿದರೆ ಈ ಬಗೆಯ ಮಾತಿಗೆ ಬರವಿಲ್ಲ. ಬಾಗಿಲು ಹಾಕಿದ ಮೇಲೆ ಒಳಗೆ ಲೋಟದ ಸದ್ದು ಕೇಳಿತು, ತೀರಿಹೋದ ಭಟ್ಟರು ದೋಸೆಕಲ್ಲಿನ ಮುಂದೆ ನಿಂತಿದ್ದರು, ಹೀಗೆ ಒಂದಾದ ಮೇಲೆ ಒಂದು. ದಿನಕ್ಕೆ ಹದಿನಾಲ್ಕು ಗಂಟೆ ನಿಂತು ದುಡಿಯುವವನಿಗೆ ಇದೆಲ್ಲ ಕಾಣಿಸುವುದಿಲ್ಲ ಎಂದು ನಾನು ಅವರ ಮುಖಕ್ಕೇ ಹೇಳುತ್ತಿದ್ದೆ. ಈಗ ನನಗೇ ಒಂದು ಆಗಿ ಕೂತಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ಏಕೆಂದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಅಡುಗೆಮನೆಗೆ ಬೇಕಾದ ವಿದ್ಯೆ ನನಗೆ ಬರುತ್ತದೆ, ಅದನ್ನು ಯಾರೂ ಕೂರಿಸಿ ಕಲಿಸಲಿಲ್ಲ. ಊರು ಕುಂದಾಪುರದ ಕಡೆ. ವಡೋದರದ ಗೋರ್ವಾದಲ್ಲಿ ಸದಾನಂದ ಮತ್ತು ನಾನು ಇಪ್ಪತ್ತೆರಡು ವರ್ಷ ಒಂದೇ ಹೋಟೆಲು ನಡೆಸಿದೆವು. ಸದಾನಂದ ನಮ್ಮೂರಿನವನೇ, ನನ್ನ ಓರಗೆಯವನು, ಹತ್ತನೇ ಕ್ಲಾಸು ಪಾಸಾದವನು. ಹಾಗಾಗಿ ಗಲ್ಲಾದಲ್ಲಿ ಕೂರುವುದು, ಲೈಸೆನ್ಸಿನ ಓಡಾಟ, ಗುಜರಾತಿಯಲ್ಲಿ ನಯವಾಗಿ ಮಾತಾಡುವುದು ಅವನ ಪಾಲು. ಒಲೆಯ ಕಡೆಯದೆಲ್ಲ ನನ್ನ ಪಾಲು. ಎರಡೂ ಪಾಲು ಸಮ ಎಂದು ನಾನು ತಿಳಿದಿದ್ದೆ.

ಇಲ್ಲಿ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಹೋಟೆಲು ಹಾಕಿದ ಮೊದಲ ವರ್ಷ ಒಂದು ದಿನ ದೊಡ್ಡ ತಪ್ಪಲೆಯ ಸಾಂಬಾರಿಗೆ ನಾನು ಉಪ್ಪು ಹಾಕಿ ಹಿಂದಿನ ಅಂಗಳಕ್ಕೆ ಹೋಗಿದ್ದೆ. ಒಳಗೆ ಬಂದ ಸದಾನಂದ, ಪಾಪ, ನಾನು ಮರೆತಿರಬೇಕೆಂದು ಇನ್ನೊಮ್ಮೆ ಹಾಕಿದ. ಇಡೀ ತಪ್ಪಲೆ ಮೋರಿಗೆ ಹೋಯಿತು. ಎದುರಿನ ಕಾರ್ಖಾನೆಯ ಶಿಫ್ಟು ಬಿಟ್ಟು ಜನ ಬಂದಿದ್ದರು, ಅವರಿಗೆ ಒಣ ಇಡ್ಲಿಗೆ ಚಟ್ನಿ ಕೊಟ್ಟು ಮುಖ ತಗ್ಗಿಸಿದೆವು. ಅವತ್ತಿನಿಂದ ನಾನೊಂದು ಗುರುತು ಮಾಡಿದೆ. ತಪ್ಪಲೆಯ ಮುಚ್ಚಳದ ಮೇಲೆ ಸೌಟನ್ನು ಅಡ್ಡ ಇಡುವುದು. ಸೌಟಿನ ಹಿಡಿ ಬಾಗಿಲ ಕಡೆಗಿದ್ದರೆ ಉಪ್ಪು ಬಿದ್ದಿಲ್ಲ. ಗೋಡೆಯ ಕಡೆಗಿದ್ದರೆ ಬಿದ್ದಿದೆ, ಯಾರೂ ಮುಟ್ಟಬೇಡಿ ಎಂದು. ಕೆಲಸದವರಿಗೆ ಹೇಳಲಿಲ್ಲ, ಅವರಿಗೆ ಉಪ್ಪಿನ ಡಬ್ಬಿಯನ್ನು ಮುಟ್ಟುವ ಅಧಿಕಾರವೇ ಇರಲಿಲ್ಲ. ಗುರುತು ಗೊತ್ತಿದ್ದುದು ಇಬ್ಬರಿಗೆ. ನಾನು ಜ್ವರ ಬಂದು ಮಲಗಿದರೆ ಮಾತ್ರ ಸದಾನಂದ ಉಪ್ಪು ಹಾಕುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅಂಥ ದಿನಗಳು ಹತ್ತು ಬಂದಿರಬಹುದು.

ಕೆಲವು ವರ್ಷಗಳ ಹಿಂದೆ ಸದಾನಂದ ಒಂದು ಮಾತು ತೆಗೆದ. ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಕಡೆ ನಾವೊಂದು ದೊಡ್ಡ ಹೋಟೆಲು ಮಾಡಬೇಕು, ಫ್ಯಾಮಿಲಿಗಳು ಬರುವಂಥದ್ದು, ಜಾಗ ನೋಡುತ್ತಿದ್ದೇನೆ ಎಂದ. ನನಗೆ ಇಷ್ಟವಾಯಿತು. ಗೋರ್ವಾದ ಅಡುಗೆಮನೆ ಇಕ್ಕಟ್ಟು, ಬೇಸಿಗೆಯಲ್ಲಿ ಒಲೆಯ ಮುಂದೆ ನಿಂತರೆ ಬೆನ್ನು ಹಿಂದಿನ ಗೋಡೆಗೆ ತಾಗುತ್ತದೆ. ದೊಡ್ಡ ಅಡುಗೆಮನೆಯೊಂದು ನನ್ನ ಕೈಗೆ ಬರಬೇಕು ಎಂಬ ಆಸೆ ಎಂದಿನಿಂದಲೂ ಇತ್ತು, ಹೇಳಿರಲಿಲ್ಲ. ಆಮೇಲೆ ಒಂದು ದಿನ ಅವನು, ಹೋಟೆಲಿನ ನಕ್ಷೆ ಮಾಡುವ ಹುಡುಗಿಯೊಬ್ಬಳು ಸ್ಯಾಟಲೈಟ್‌ನಲ್ಲಿದ್ದಾಳೆ, ಕನ್ನಡದವಳೇ, ಹೋಟೆಲನ್ನು ಕಂಪ್ಯೂಟರಿನಲ್ಲಿ ಪೂರ್ತಿ ಮಾಡಿ ಇಟ್ಟಿದ್ದಾಳೆ, ಒಳಗೆ ನಡೆದಾಡಿ ನೋಡಬಹುದಂತೆ, ನೀನೊಮ್ಮೆ ಹೋಗಿ ಅಡುಗೆಮನೆ ಸರಿಯಿದೆಯೋ ಹೇಳು ಎಂದ. ಶುಕ್ರವಾರ ಬೆಳಗಿನ ಸಮಯ ಗೊತ್ತುಮಾಡಿದ್ದ. ನೀನೂ ಬಾ ಎಂದರೆ, ಅವತ್ತೇ ಸೂರತ್‌ನಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶ ಇದೆ, ತಪ್ಪಿಸುವ ಹಾಗಿಲ್ಲ ಎಂದ.

"ನಂಗೆ ಕಂಪ್ಯೂಟರ್ ಎಂತ ಗೊತ್ತಾತ್ ಮಾರಾಯ?" ಅಂದೆ.

"ಗೊತ್ತಾಪ್ಕೆ ಎಂತ ಇತ್ತ್? ಒಳಗೆ ಹೋಯಿ ಸಾಂಬಾರ್ ರುಚಿ ಕಂಡ್ಕಂಡ್ ಬಾ" ಅಂದು ನಕ್ಕ. ನಾನೂ ನಕ್ಕೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ವಡೋದರ ಸ್ಟೇಷನ್ನಿಗೆ ಹೋದೆವು. ಅವನು ಸೂರತ್ ಕಡೆಯ ಪ್ಲಾಟ್‌ಫಾರ್ಮಿಗೆ, ನಾನು ಅಹಮದಾಬಾದಿನ ಕಡೆಗೆ. ಬಿಳಿ ಅಂಗಿ ಹೊಸತು ಹೊಲಿಸಿದ್ದ. ನನ್ನ ಟಿಕೆಟನ್ನೂ ಅವನೇ ತೆಗೆದುಕೊಟ್ಟ, ಇಳಿದು ಎಲ್ಲಿ ಆಟೋ ಹಿಡಿಯಬೇಕು ಎಂದು ಎರಡು ಸಲ ಹೇಳಿದ. ಅವನ ಕಾಳಜಿ ಕಂಡು ಅವತ್ತು ಸಂತೋಷವಾಗಿತ್ತು.

ಆಫೀಸು ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ. ಹುಡುಗಿಯ ಹೆಸರು ಮೇಧಾ. ಅವಳ ತಂದೆ ಧಾರವಾಡದವರು, ಸರಕಾರದ ಯಾವುದೋ ದೊಡ್ಡ ಸಂಶೋಧನೆಯ ಕೆಲಸಕ್ಕೆ ಇಲ್ಲಿಗೆ ಬಂದು ಇಲ್ಲೇ ನಿಂತವರು. ಇವಳು ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲಿ. "ನನ್ನ ಕನ್ನಡಾ ಕೇಳಿ ನಗಬ್ಯಾಡ್ರಿ ಅಂಕಲ್, ಮಮ್ಮಿನೇ ನಗ್ತಾಳ" ಎಂದು ಮೊದಲೇ ಹೇಳಿಬಿಟ್ಟಳು. ಒಳ್ಳೆಯ ಹುಡುಗಿ. ಸ್ಟೀಲ್ ಲೋಟದಲ್ಲಿ ಛಾಸ್, ಅಂದರೆ ಮಜ್ಜಿಗೆ, ತಂದುಕೊಟ್ಟಳು.

ಮೇಜಿನ ಮೇಲೆ ಮೂರು ಪರದೆಗಳಿದ್ದವು. ನಡುವಿನದು ಎದುರಿಗೆ, ಎಡದ್ದು ಬಲದ್ದು ಸ್ವಲ್ಪ ಒಳಕ್ಕೆ ತಿರುಗಿಸಿ, ಬೀರುವಿನ ಎರಡು ಬಾಗಿಲು ತೆರೆದಿಟ್ಟ ಹಾಗೆ. ಮೂರು ಯಾಕಮ್ಮ ಎಂದು ಕೇಳಿದೆ. ಒಂದೇ ಪರದೆಯಾದರೆ ಕಿಟಕಿಯಿಂದ ಇಣುಕಿದಂತೆ ಇರುತ್ತದೆ, ಮೂರಿದ್ದರೆ ಅಕ್ಕಪಕ್ಕದ್ದೂ ಕಣ್ಣಂಚಿಗೆ ಬೀಳುತ್ತದೆ, ಒಳಗೇ ನಿಂತಿದ್ದೇವೆ ಅನ್ನಿಸುತ್ತದೆ ಎಂದಳು. ಆ ಮಾತು ನನಗೆ ತಕ್ಷಣ ಹಿಡಿಸಿತು. ಅಡುಗೆಯವನು ಕೆಲಸ ಮಾಡುವುದೇ ಕಣ್ಣಂಚಿನಿಂದ. ಎದುರಿಗೆ ಒಗ್ಗರಣೆ, ಎಡಕ್ಕೆ ಹಾಲು, ಬಲಕ್ಕೆ ವಡೆ, ಎಲ್ಲ ಒಂದೇ ಸಲ ಕಾಣಬೇಕು. ಎಡಗಡೆಯ ಪರದೆ ಮಾತ್ರ ಹಳೆಯದು, ಮನೆಯಿಂದ ತಂದದ್ದಂತೆ. ಅದರಲ್ಲಿ ಬಿಳಿ ಗೋಡೆಯೂ ಸ್ವಲ್ಪ ಹಳದಿಯಾಗಿ ಕಾಣುತ್ತಿತ್ತು.

ಕೂರಿಸಿದಳು, ಕೀಲಿ ಒತ್ತುವುದನ್ನೂ ಮೌಸ್ ಆಡಿಸುವುದನ್ನೂ ತೋರಿಸಿದಳು. "ಹಿಂಗ ಪಕಡ್ರಿ ಅಂಕಲ್. ಈಗ ಮುಂದ ಚಾಲೋ. ಬರಾಬರ್ ನೆ?" ಮೊದಲು ಒಂದು ಕಂಬಕ್ಕೆ ಗುದ್ದಿ ನಿಜವಾಗಿಯೂ ತಲೆ ಹಿಂದಕ್ಕೆ ಎಳೆದುಕೊಂಡೆ, ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅಭ್ಯಾಸವಾಯಿತು. ಹಾಲಿನಲ್ಲಿ ನಡೆದೆ. ಮೇಜುಗಳ ಸಾಲು, ಕೈತೊಳೆಯುವ ಜಾಗ, ಗಲ್ಲಾ. ನಾನು ಹೋದ ಕಡೆ ಮೂರೂ ಪರದೆಗಳು ನನ್ನ ಸುತ್ತ ತಿರುಗುತ್ತಿದ್ದವು. ಗಲ್ಲಾದ ಮೇಲಿನ ಕಲ್ಲು ಎಡ ಪರದೆಯಿಂದ ನಡುವಿನದಕ್ಕೆ ಬರುವಾಗ ಒಂದು ಬೆರಳು ಕೆಳಗಿದೆ ಎಂದು ತೋರಿಸಿದೆ. ಎರಡು ದಿನದಿಂದ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಸಿಕ್ಕಿರಲಿಲ್ಲ ಎಂದು ಅವಳು ಕೂಡಲೇ ಪರದೆಯ ಎತ್ತರ ಸರಿಮಾಡಿದಳು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಬಲ ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವನು, ಹೊತ್ತು ಬೇಕು. ಸಚಿನ್ ಎಂದಿತ್ತು. ಇದನ್ನು ಮಾಡಿದವನ ಹೆಸರಿರಬೇಕು ಅಂದುಕೊಂಡೆ. ಸೂರತ್ ಬಳಿ ಆ ಹೆಸರಿನ ಕಾರ್ಖಾನೆಗಳ ಊರೊಂದಿರುವುದು ಕೇಳಿ ಗೊತ್ತಿತ್ತು, ಆದರೆ ಆ ಹೊತ್ತಿಗೆ ಅದು ತಲೆಗೆ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. "ಸಚಿನ್ ಬಹಳ ಚೆನ್ನಾಗಿ ಮಾಡಿದ್ದಾನಮ್ಮ" ಎಂದೆ. ನನ್ನ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ, "ಥ್ಯಾಂಕ್ಯೂ ಅಂಕಲ್, ಸಚಿನ್ ನನ್ನ ಬೆಸ್ಟ್ ಕೆಲಸ" ಎಂದಳು. ಇಬ್ಬರಿಗೂ ಸಂತೋಷ.

ಕೊನೆಗೆ ಅಡುಗೆಮನೆಗೆ ಹೋದೆ. ಎಷ್ಟು ದೊಡ್ಡದು! ನಾಲ್ಕು ಒಲೆ ಸಾಲಾಗಿ, ಹಿಂದೆ ಇಬ್ಬರು ತಿರುಗಾಡುವಷ್ಟು ಜಾಗ, ಪಾತ್ರೆ ತೊಳೆಯುವುದಕ್ಕೆ ಹಿಂಬಾಗಿಲ ಆಚೆ ಬೇರೆ ಕಟ್ಟೆ. ನಾನು ನಿಲ್ಲುವುದು ಎಲ್ಲಿ, ದೋಸೆಯವನು ಎಲ್ಲಿ ಎಂದು ಮನಸ್ಸಿನಲ್ಲೇ ಹಂಚಿಕೊಂಡೆ. ನಡುವಿನ ಪರದೆಯಲ್ಲಿ ಗ್ರೈಂಡರ್ ಇಡುವ ಜಾಗ ನೋಡುತ್ತಿದ್ದಾಗ ಎಡಗಡೆಯ ಹಳದಿ ಪರದೆಯಲ್ಲಿ ಏನೋ ಕಣ್ಣಂಚಿಗೆ ತಾಗಿತು. ತಿರುಗಿ ನೋಡಿದೆ. ಕೊನೆಯ ಒಲೆಯ ಮೇಲೆ ದೊಡ್ಡ ತಪ್ಪಲೆ. ಮುಚ್ಚಳ ಹಾಕಿತ್ತು. ಮುಚ್ಚಳದ ಮೇಲೆ ಅಡ್ಡಲಾಗಿ ಸೌಟು. ಹಿಡಿ ಗೋಡೆಯ ಕಡೆಗೆ.

ಸದಾನಂದ ಹೇಳಿ ಮಾಡಿಸಿರಬೇಕು ಎಂದು ಮೊದಲು ತೋರಿತು. ನನ್ನನ್ನು ನಗಿಸುವುದಕ್ಕೆ ಮಾಡಿರುತ್ತಾನೆ ಎಂದುಕೊಂಡು ಮೇಧಾಳನ್ನು ಕೇಳಿದೆ. ಅವಳು ಬಗ್ಗಿ ನೋಡಿ, ಒಲೆಗಳನ್ನು ತಾನೇ ಇಟ್ಟದ್ದು, ಪಾತ್ರೆ ಇಟ್ಟ ನೆನಪಿಲ್ಲ, ತಯಾರಾಗಿ ಸಿಗುವ ಸಾಮಾನಿನ ಜೊತೆ ಬಂದಿರಬಹುದು ಎಂದಳು. ಸೌಟನ್ನು ಹೀಗೆ ಇಡು ಎಂದು ಯಾರೂ ಹೇಳಿರಲಿಲ್ಲವಂತೆ.

ನನಗೆ ಆ ಸೌಟಿನಿಂದ ಕಣ್ಣು ತೆಗೆಯಲಾಗಲಿಲ್ಲ. ಓದುವ ನಿಮಗೆ ಇದು ಹುಚ್ಚು ಅನ್ನಿಸಬಹುದು. ಅದು ಚಿತ್ರ, ನಿಜವಾದ ತಪ್ಪಲೆಯಲ್ಲ ಎಂದು ನನಗೂ ಗೊತ್ತಿತ್ತು. ಆದರೂ ನಾನು ಹಾಕದ ಉಪ್ಪಿಗೆ ಆ ಗುರುತು ಸುಳ್ಳು. ನನ್ನ ಹೊಸ ಅಡುಗೆಮನೆಯಲ್ಲಿ ಮೊದಲ ದಿನವೇ ಸುಳ್ಳು ಗುರುತು ಇರಕೂಡದು ಎಂದು ಮನಸ್ಸು ಹಟ ಹಿಡಿಯಿತು. ಮೌಸನ್ನು ಅಲ್ಲಿಗೆ ಒಯ್ದು, ಮೇಧಾ ಕುರ್ಚಿ ಸರಿಸಲು ಕಲಿಸಿದ್ದ ಹಾಗೆಯೇ ಒತ್ತಿ ಹಿಡಿದು ತಿರುಗಿಸಿದೆ. ಸೌಟು ಅರ್ಧ ಸುತ್ತು ತಿರುಗಿತು. ಹಿಡಿ ಬಾಗಿಲ ಕಡೆಗೆ ಬಂತು.

"ಅರೇ" ಎಂದಳು ಮೇಧಾ. "ಅದು ಹ್ಯಾಂಗ ಹಲ್ಲಿತು ಅಂಕಲ್? ನಾನು ಖುರ್ಚಿ ಮತ್ತ ಬಾಗ್ಲಾ ಎರಡೇ ಹಲ್ಲೋ ಹಂಗ ಮಾಡೀನಿ." ಹಲ್ಲುವುದು ಎಂದರೆ ಅಲುಗುವುದು ಎಂದು ಅವಳ ಲೆಕ್ಕ, ಗುಜರಾತಿಯೋ ಹಿಂದಿಯೋ ಬೆರೆತ ಮಾತು.

ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸುಡುತ್ತಿದ್ದವು. ಹಬೆ ಬಡಿಯುತ್ತಿದ್ದ ಸೌಟನ್ನು ಬರಿಗೈಯಲ್ಲಿ ಹಿಡಿದರೆ ಆಗುತ್ತದಲ್ಲ, ಆ ಬಿಸಿ. ಊದಿಕೊಂಡೆ. ಮೌಸ್ ಗರಂ ಆಯಿತೇನು ಎಂದು ಅವಳು ಮುಟ್ಟಿ ನೋಡಿದಳು, ತಣ್ಣಗಿತ್ತು. ಇಬ್ಬರೂ ನಕ್ಕುಬಿಟ್ಟೆವು. ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದೂಕಾಲು ಆಗಿತ್ತು. ಮಧ್ಯಾಹ್ನದ ಗಾಡಿ ಹಿಡಿಯಬೇಕಿತ್ತಾದ್ದರಿಂದ ನೋಡಿದ್ದೆ, ಅದಕ್ಕೇ ನೆನಪಿದೆ. ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಆ ಅಡುಗೆಮನೆಯನ್ನೇ ಕಣ್ಣೊಳಗೆ ಇಟ್ಟುಕೊಂಡು ಬಂದೆ. ಜೀವನದಲ್ಲಿ ಅಷ್ಟು ನೆಮ್ಮದಿಯಾಗಿ ಪ್ರಯಾಣ ಮಾಡಿದ ನೆನಪಿಲ್ಲ.

ಸದಾನಂದ ಬಂದದ್ದು ಮರುದಿನ ಮಧ್ಯಾಹ್ನ, ಊಟದ ಗಿರಾಕಿಗಳು ಮುಗಿದು ನಾವು ಶಟರನ್ನು ಅರ್ಧ ಎಳೆಯುವ ಹೊತ್ತಿಗೆ. ಅದೇ ಬಿಳಿ ಅಂಗಿ, ಎದೆಯ ಮೇಲೆ ಕುಂಕುಮದ ಕಲೆ. ನಾನು ಬೆಳಗಿನಿಂದ ಅವನಿಗೆ ಹೇಳಬೇಕೆಂದು ಮಾತು ಕೂಡಿಟ್ಟುಕೊಂಡಿದ್ದೆ. "ಬಾ, ನಮ್ಮ ಹೋಟೆಲ್ ಕಂಡ್ಕಂಡ್ ಬಂದೆ" ಎಂದೆ.

ಅವನು ಕೂರಲಿಲ್ಲ. "ಕಂಡ್ಕಂಡ್ ಬಂದೆ ಅಂಬುದ್ ನಂಗೂ ಗೊತ್ತಿತ್ತ್. ಸಚಿನ್‌ಗೆ ಬಪ್ಪುಕೆ ಮುಂಚೆ ನನ್ ಹತ್ರ ಒಂದ್ ಮಾತ್ ಕೇಂಬುಕಾಯ್ಲಿಲ್ಯಾ?"

"ಯಾವ ಸಚಿನ್? ಆ ಹುಡ್ಗ ನಿನ್ನೆ ಆಫೀಸಿಗೆ ಬರ್ಲಿಲ್ಲ" ಅಂದೆ.

ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವನಿಗೆ ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಎಲ್ಲ ತಾನಾಗಿಯೇ ಹೊರಗೆ ಬಂತು. ಸೂರತ್‌ನ ಸಚಿನ್‌ನಲ್ಲಿ, ಕಾರ್ಖಾನೆಗಳ ಎದುರು, ಅವನೂ ಅವನ ಹೆಂಡತಿಯ ಅಣ್ಣನೂ ಸೇರಿ ಹೋಟೆಲು ತೆರೆದಿದ್ದರು. ಗೃಹಪ್ರವೇಶ ಅಲ್ಲ, ಹೋಟೆಲಿನ ಪೂಜೆ. ನಮ್ಮ ಕಡೆಯ ಹೋಟೆಲಿನವರು ಸೂರತ್, ಭರೂಚ್‌ನಿಂದೆಲ್ಲ ಬಂದಿದ್ದರು. ಅವತ್ತಿನ ಸಾಂಬಾರಿಗೆ ಸದಾನಂದ ತಾನೇ ಉಪ್ಪು ಹಾಕಿ, ಅಭ್ಯಾಸಬಲದಿಂದ ಸೌಟಿನ ಹಿಡಿಯನ್ನು ಗೋಡೆಯ ಕಡೆ ಮಾಡಿ ಇಟ್ಟು, ಹನ್ನೊಂದು ದಾಟಿದ ಮೇಲೆ ಎಲ್ಲರನ್ನೂ ಮಂಗಳಾರತಿಗೆ ಊಟದ ಹಾಲಿಗೆ ಕರೆದುಕೊಂಡು ಹೋದ. ವಾಪಸು ಬಂದಾಗ ಹಿಡಿ ಬಾಗಿಲ ಕಡೆಗಿತ್ತು. ಗಡಿಬಿಡಿಯಲ್ಲಿ ತಾನು ಉಪ್ಪು ಹಾಕಿಯೇ ಇಲ್ಲ ಎಂದುಕೊಂಡು ಇನ್ನೊಮ್ಮೆ ಹಾಕಿದ. ಪಂಕ್ತಿಯಲ್ಲಿ ಕೂತ ಹಿರಿಯರು ಮೊದಲ ತುತ್ತಿಗೇ ಎಲೆಯ ಬದಿಗೆ ಉಗುಳಿದರಂತೆ. ಹೋಟೆಲಿನವನ ಪೂಜೆಯ ದಿನ, ಹೋಟೆಲಿನವರ ಮುಂದೆ. ಇದಕ್ಕಿಂತ ಅವಮಾನ ನಮ್ಮವರಿಗೆ ಇನ್ನೊಂದಿಲ್ಲ.

"ಆ ಗುರ್ತ್ ಗೊತ್ತಿಪ್ಪುದ್ ನಿಂಗೂ ನಂಗೂ. ಮತ್ಯಾರ್ ತಿರ್ಗ್ಸುದ್ ಅದನ್ನ? ಹೇಳ್."

ನನಗೆ ಸೌಟಿನ ಮಾತು ಕಿವಿಗೇ ಬೀಳಲಿಲ್ಲ ಆಗ. ಕೇಳಿಸಿದ್ದು ಒಂದೇ, ಇವನು ನನಗೆ ಹೇಳದೆ ಹೋಟೆಲು ತೆರೆದಿದ್ದಾನೆ. ನಾನು ಕೈಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟೆ. ಎಷ್ಟು ದಿನದಿಂದ ಈ ತಯಾರಿ ಎಂದು ಕೇಳಿದೆ. ಎಂಟು ತಿಂಗಳಿನಿಂದ ಎಂದ. ಎಂಟು ತಿಂಗಳು ನಾವಿಬ್ಬರೂ ದಿನಾ ಸಂಜೆ ಒಂದೇ ಹಬೆಯಲ್ಲಿ ಬೇಯಿಸಿದ ಇಡ್ಲಿ ತಿಂದಿದ್ದೇವೆ. ಯಾಕೆ ಎಂದು ಕೇಳಿದೆ.

"ನಿಂಗೆ ಹೇಳಿರೆ ನೀ ಬಿಡ್ತಿದ್ಯಾ? ಎಲ್ಲದ್ಕೂ ಉಪ್ಪ್ ನಾನೇ ಹಾಕ್ಕ್ ಅಂಬವ ನೀನ್. ನಂಗೂ ಒಂದ್ ಅಡುಗೆಮನೆ ಬೇಡ್ದಾ?"

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಮಾಡದ ಕೆಲಸದ ಆರೋಪ ಹೊರಲು ನಾನು ತಯಾರಿರಲಿಲ್ಲ. ನಿನ್ನೆ ಹನ್ನೊಂದೂಕಾಲಿಗೆ ನಾನು ಅಹಮದಾಬಾದಿನಲ್ಲಿದ್ದೆ, ನೀನೇ ಕಳಿಸಿದ್ದೆ, ಸಾಕ್ಷಿ ಇದೆ ಎಂದು ಅವನೆದುರೇ ಮೇಧಾಳಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ನಾನು ಎಷ್ಟು ಹೊತ್ತಿನವರೆಗೆ ನಿಮ್ಮಲ್ಲಿದ್ದೆ ಹೇಳಮ್ಮ ಎಂದೆ.

"ಹನ್ನೊಂದೂವರಿ ತನಕಾ ಇದ್ರಲ್ಲ ಅಂಕಲ್. ಸಚಿನ್‌ದು ಪೂರಾ ಹೋಟೆಲ್ ನೋಡಿದ್ರಿ. ಕಿಚನ್‌ನ್ಯಾಗ ಆ ಸೌಟು ಬಿ ತಿರಗ್ಸಿದ್ರಿ. ಯಾಕ, ಏನಾತು?"

ಸ್ಯಾಟಲೈಟ್‌ನ ಹೋಟೆಲು ಯಾವುದಮ್ಮ ಎಂದು ಕೇಳಿದೆ. ಸ್ಯಾಟಲೈಟ್‌ನಲ್ಲಿ ತನ್ನ ಆಫೀಸು ಮಾತ್ರ ಇರುವುದು, ಸದಾನಂದ ಅಂಕಲ್ ಮಾಡಿಸಿದ್ದು ಒಂದೇ ಹೋಟೆಲು, ಪಾರ್ಟ್ನರ್ ಬರುತ್ತಾರೆ ತೋರಿಸು ಎಂದಿದ್ದರು ಎಂದಳು. ಆ ಹುಡುಗಿಗೆ ನಮ್ಮ ನಡುವಿನದು ಏನೂ ಗೊತ್ತಿರಲಿಲ್ಲ. ಪೂಜೆಯ ದಿನ ನಾನು ವಡೋದರದಲ್ಲಿದ್ದರೆ ಯಾರ ಬಾಯಿಂದಾದರೂ ಸುದ್ದಿ ತಿಳಿದೀತೆಂದು ಸದಾನಂದ ನನ್ನನ್ನು ದೂರ ಕಳಿಸಿ, ನನಗೆ ಎಂದೂ ಸಿಗದ ಅಡುಗೆಮನೆಯಲ್ಲಿ ಅಡ್ಡಾಡಲು ಬಿಟ್ಟಿದ್ದ. ನಾನು ಅಲ್ಲಿ ನಿಲ್ಲುವ ಜಾಗವನ್ನೂ ಗೊತ್ತುಮಾಡಿಕೊಂಡು ಬಂದಿದ್ದೆ.

ಸದಾನಂದನ ಮುಖ ಬಿಳಿಚಿಕೊಂಡಿತ್ತು. ಅವನಿಗೆ ಕೇಳಿಸಿದ್ದು ಮಾತ್ರ ಬೇರೆ. "ತಿರ್ಗ್ಸಿದೆ ಅಂತ ಆ ಹೆಣ್ಣೇ ಹೇಳ್ತಲ" ಎಂದ. ಅದು ಪರದೆಯ ಮೇಲೆ ಮಾರಾಯ, ಚಿತ್ರ ಎಂದೆ. ಹೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ಅವನು ಗಲ್ಲಾದ ಮೇಲಿನ ದೇವರ ಪಟವನ್ನು ಮೊಳೆಯಿಂದ ತೆಗೆದು ನನ್ನ ಮುಂದೆ ಇಟ್ಟ. ಸಿಟ್ಟು ಇಳಿದಿತ್ತು, ಕಣ್ಣು ಒದ್ದೆಯಾಗಿತ್ತು.

"ನಿನ್ನೆ ಆ ಹೊತ್ತಿಗೆ ಸೌಟ್ ನಾ ತಿರ್ಗ್ಸಿಲ್ಲೆ ಅಂತ ಇದನ್ನ ಮುಟ್ಟಿ ಹೇಳ್. ಈಗ್ಲೇ ನಿನ್ನ ಕಾಲ್ ಹಿಡಿತೆ. ಸಚಿನ್ ಹೋಟ್ಲಿಗೆ ನಿನ್ನ ಹೆಸ್ರೂ ಬರ್ಸ್ತೆ. ನಂದೇ ತಪ್ಪ್ ಅಂತ ನಿನ್ನ ಹೆಂಡ್ತಿ ಎದುರ್ ಬೇಕಾರೂ ಹೇಳ್ತೆ."

ಒಂದು ವಾಕ್ಯ. ಅಷ್ಟು ಹೇಳಿದ್ದರೆ ಇಪ್ಪತ್ತೆರಡು ವರ್ಷ ಉಳಿಯುತ್ತಿತ್ತು. ನಾನು ಸಚಿನ್‌ಗೆ ಕಾಲಿಟ್ಟವನಲ್ಲ, ಅದನ್ನು ನೂರು ಪಟ ಮುಟ್ಟಿ ಹೇಳಬಲ್ಲೆ. ಆದರೆ ಅವನು ಕೇಳಿದ್ದು ಅದಲ್ಲ. ಸೌಟು ತಿರುಗಿಸಲಿಲ್ಲ ಎಂದು ಹೇಳು ಎಂದ. ನಾನು ತಿರುಗಿಸಿದ್ದೆ. ಬೆರಳ ತುದಿ ಇನ್ನೂ ಚುರುಗುಟ್ಟುತ್ತಿತ್ತು, ಬೆಳಿಗ್ಗೆ ನೋಡಿದರೆ ಅಲ್ಲಿ ಕೆಂಪಾಗಿತ್ತು. ಪಟದ ಕಡೆ ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ.

ಸದಾನಂದ ಪಟವನ್ನು ಮೊದಲಿನ ಜಾಗಕ್ಕೇ ಸಿಕ್ಕಿಸಿ, ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದ. ಗೋರ್ವಾದ ಹೋಟೆಲನ್ನು ನನಗೇ ಬಿಟ್ಟ. ಮತ್ತೆ ಬರಲಿಲ್ಲ. ಮೋಸ ಮಾಡಿದವನು ಅವನು, ಮೋಸ ಹೋದವನು ನಾನು. ಆದರೂ ನಮ್ಮ ಕಡೆಯವರೆಲ್ಲ ಇವತ್ತು ಹೇಳುವುದು, ಗೆಳೆಯನ ಪೂಜೆಯ ಅನ್ನಕ್ಕೆ ಕದ್ದು ಉಪ್ಪು ಬೀಳುವಂತೆ ಮಾಡಿದವನು ನಾನು ಎಂದು. ಅನ್ನ ಕೆಡಿಸಿದವನು ಎಂಬ ಹೆಸರು, ಅದೂ ನನಗೆ.

ತಿಂಗಳ ನಂತರ ಮೇಧಾಳ ಆಫೀಸಿಗೆ ಇನ್ನೊಮ್ಮೆ ಹೋದೆ. ಅವಳು ಅದೇ ಹೋಟೆಲನ್ನು ಮೂರು ಪರದೆಗಳ ಮೇಲೆ ತೆರೆದಳು. ನಾಲ್ಕು ಒಲೆಗಳಿದ್ದವು. ತಪ್ಪಲೆಯೂ ಇರಲಿಲ್ಲ, ಸೌಟೂ ಇರಲಿಲ್ಲ. ಹಿಂದಿನ ದಿನಗಳಲ್ಲಿ ಉಳಿಸಿಟ್ಟ ಪ್ರತಿಗಳನ್ನೂ ಒಂದೊಂದಾಗಿ ತೆಗೆದು ಹುಡುಕಿದಳು. ಎಲ್ಲಿಯೂ ಇಲ್ಲ. "ನಾನು ಬಿ ನೋಡೀನಲ್ಲ ಅಂಕಲ್" ಎಂದು ಮಾತ್ರ ಹೇಳಿ ಕೈಚೆಲ್ಲಿದಳು.

ಕಡೆಗೆ ತಡೆಯಲಾಗದೆ ಒಂದು ದಿನ ಸಚಿನ್‌ಗೆ ಹೋದೆ. ಜಗಳಕ್ಕಲ್ಲ. ಆ ಒಲೆ, ಆ ಗೋಡೆ ನಿಜವಾಗಿಯೂ ಹಾಗೆಯೇ ಇವೆಯೋ ಎಂದು ಒಮ್ಮೆ ಕಣ್ಣಿನಿಂದ ಕಾಣಬೇಕಿತ್ತು. ನಡುಹಗಲು, ಬಿಸಿಲು ಸುಡುತ್ತಿತ್ತು, ಕಾರ್ಖಾನೆಗಳ ಕಡೆಯಿಂದ ಮೂಗು ಕಟ್ಟುವಂಥ ಗಾಳಿ. ಗಲ್ಲಾದಲ್ಲಿ ಸದಾನಂದ ಇಲ್ಲದ್ದನ್ನು ನೋಡಿಕೊಂಡು ಪಕ್ಕದ ಓಣಿಯಿಂದ ಹಿಂಬಾಗಿಲಿಗೆ ಹೋದೆ. ದಾರಿ ಯಾರನ್ನೂ ಕೇಳಬೇಕಾಗಲಿಲ್ಲ, ಕಾಲಿಗೆ ಗೊತ್ತಿತ್ತು.

ಕಟ್ಟೆಯ ಬಳಿ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ನಡುವಯಸ್ಸಿನವಳು, ಒಡಿಶಾದ ಕಡೆಯವಳಿರಬೇಕು, ಹಿಂದಿ ಹಾಗಿತ್ತು. ನನ್ನನ್ನು ಕಂಡದ್ದೇ ಕೈ ಒರೆಸಿಕೊಂಡು ಎದ್ದು ನಿಂತಳು, ಪರಿಚಯದವರನ್ನು ಕಂಡ ಹಾಗೆ. ಪೂಜೆಯ ದಿನ ನೀವು ಬಂದಿದ್ದಿರಿ ಎಂದಳು. ಎಲ್ಲರೂ ಆರತಿಗೆ ಹೋದಾಗ ನೀವೊಬ್ಬರೇ ಒಳಗಿದ್ದಿರಿ, ನಾನು ನೀರು ಬೇಕೇ ಎಂದು ಕೇಳಿದೆ, ನೀವು ಮಾತಾಡಲಿಲ್ಲ ಎಂದಳು. ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳುವ ಮನಸ್ಸು ಬರಲಿಲ್ಲ ಎಂದಳು. ಯಾಕೆ ಎಂದೆ.

"ಆಪ್ ರೋ ರಹೇ ಥೇ, ಭೈಯಾ" ಎಂದಳು.

ಅಳುತ್ತಿದ್ದೆನಂತೆ. ಆ ದಿನ ಆ ಹೊತ್ತಿಗೆ ನಾನು ಅಹಮದಾಬಾದಿನಲ್ಲಿ ಛಾಸ್ ಕುಡಿದು ನಗುತ್ತಿದ್ದೆ. ಅಳುವುದಕ್ಕೆ ಕಾರಣವಿದೆ ಎಂದು ನನಗೆ ಇನ್ನೂ ಗೊತ್ತೇ ಇರಲಿಲ್ಲ.